ಪರಿಶೀಲಕರ ಹೆಸರು, ಪರಿಶೀಲನೆಯ ಆಧಾರ: ಉಪಭಾಷಾ ಲೇಖನಗಳ ಮೌಲ್ಯಮಾಪನದಲ್ಲಿ ಉತ್ತರದಾಯಿತ್ವ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ‘ಅವ್ನು ತೋಟ್ದಾಗವ್ನೆ’ ಎಂಬುದು ದಿನನಿತ್ಯದ ಮಾತು. ಇಲ್ಲಿನ ‘ಅವ್ನೆ’ ಸರ್ವನಾಮವಲ್ಲ. ಶಿಷ್ಟ ಕನ್ನಡದ ‘ಇದ್ದಾನೆ’ಗೆ ಸಮನಾದ ಅಸ್ತಿತ್ವವಾಚಕ ಕ್ರಿಯಾರೂಪ. ಅದಕ್ಕೆ ‘ಅವ್ಳೆ’, ‘ಅವ್ರೆ’, ‘ಐತೆ’, ‘ಅವೆ’ ಎಂಬ ಒಡನಾಡಿ ರೂಪಗಳಿವೆ. ‘ಬಂದವ್ನೆ’ ಎಂಬಲ್ಲಿ ಅದೇ ರೂಪ ಸಹಾಯಕ ಕ್ರಿಯಾಪದವಾಗಿ ‘ಬಂದಿದ್ದಾನೆ’ ಎಂಬ ಅರ್ಥವನ್ನು ಕೊಡುತ್ತದೆ. ಹಳೆಯ ಮೈಸೂರು ಪ್ರದೇಶದ ಹಲವು ಗ್ರಾಮೀಣ ಪ್ರಭೇದಗಳಿಗೆ ಇದು ಸಾಮಾನ್ಯ. ಈಗ ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಸುತ್ತಲಿನ ಮಾತನ್ನು ಕುರಿತ ಲೇಖನವೊಂದು ಸಂಶೋಧನಾ ಪತ್ರಿಕೆಗೆ ಬಂದಿದೆ ಎಂದು ಭಾವಿಸೋಣ. ಪರಿಶೀಲಕರು ಕನ್ನಡದ ಬೇರೊಂದು ಪ್ರಭೇದವನ್ನಾಡುವವರು. ‘ಅವ್ನೆ’ಯನ್ನು ಅವರು ‘ಅವನೇ’ ಎಂಬ ಅವಧಾರಣೆಯ ಸರ್ವನಾಮವೆಂದು ಓದಿ, ದತ್ತಾಂಶ ದೋಷಯುಕ್ತ, ಇಂತಹ ವಾಕ್ಯ ಕನ್ನಡದಲ್ಲಿಲ್ಲ ಎಂದು ಎರಡು ಸಾಲು ಬರೆದು ತಿರಸ್ಕಾರಕ್ಕೆ ಶಿಫಾರಸು ಮಾಡಿದರೆ, ಆ ಎರಡು ಸಾಲುಗಳಿಗೆ ಹೊಣೆ ಯಾರು?

ಸಹತಜ್ಞ ಪರಿಶೀಲನೆಯ ಪಾರದರ್ಶಕತೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಪರಿಶೀಲಕರ ಹೆಸರಿನ ಸುತ್ತ ನಡೆಯುತ್ತದೆ. ಭಾಷಾವಿಜ್ಞಾನಕ್ಕೆ ಸಂಬಂಧಿಸಿದಂತೆ ಹೆಸರಿಗಿಂತ ಆಧಾರದ ಪ್ರಶ್ನೆ ಮುಖ್ಯವೆಂಬುದು ಪ್ರಸ್ತುತ ಲೇಖನದ ನಿಲುವು. ರಸಾಯನಶಾಸ್ತ್ರದ ಪರಿಶೀಲಕರು ವಿಧಾನವನ್ನೂ ತರ್ಕವನ್ನೂ ನೋಡುತ್ತಾರೆ. ಅವರೇ ಪ್ರಯೋಗದ ವಸ್ತುವಾಗಿರುವುದಿಲ್ಲ. ಕನ್ನಡವನ್ನು ಕುರಿತ ಲೇಖನದ ಪರಿಶೀಲಕರು ಬಹುಪಾಲು ಕನ್ನಡಿಗರೇ. ಆದ್ದರಿಂದ ವಾಕ್ಯವೊಂದು ಸಾಧುವೋ ಅಸಾಧುವೋ ಎಂಬ ಅವರ ತೀರ್ಪು ವಿಮರ್ಶೆಯ ವೇಷದಲ್ಲಿ ಬಂದ ಹೊಸ ದತ್ತಾಂಶವಾಗಿರುತ್ತದೆ. ಕ್ಷೇತ್ರಕಾರ್ಯ ಮಾಡಿದವರಿಂದ ನಾವು ಮಾಹಿತಿದಾರರ ಊರು, ವಯಸ್ಸು, ಶಿಕ್ಷಣ, ಸಮುದಾಯ ಎಲ್ಲವನ್ನೂ ಕೇಳುತ್ತೇವೆ. ಅದೇ ಲೇಖನವನ್ನು ತಳ್ಳಿಹಾಕುವ ಮಾತೃಭಾಷಿಕ ಅರಿವಿಗೆ ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಲೇಖಕರು ಸಲ್ಲಿಸಿದ್ದರೆ ನಾವು ಒಪ್ಪದಿದ್ದ ಬಗೆಯ ಸಾಕ್ಷ್ಯವನ್ನು ಪರಿಶೀಲಕರಿಂದ ಮರುಮಾತಿಲ್ಲದೆ ಸ್ವೀಕರಿಸುತ್ತಿದ್ದೇವೆ.

ಅನಾಮಿಕತೆಯ ವಿಷಯಕ್ಕೆ ಬರೋಣ. ಲೇಖಕರಿಗೂ ಪರಿಶೀಲಕರಿಗೂ ಪರಸ್ಪರರ ಹೆಸರು ತಿಳಿಯದಂತೆ ನೋಡಿಕೊಳ್ಳುವ ದ್ವಿಮುಖ ಅನಾಮಿಕ ಪದ್ಧತಿಯನ್ನು ನಮ್ಮ ಶಿಸ್ತಿನ ಹಲವು ಪತ್ರಿಕೆಗಳು ಅನುಸರಿಸುತ್ತವೆ. ಕಿರಿಯರು ಹಿರಿಯರ ಬರಹವನ್ನು ನಿರ್ಭಯವಾಗಿ ವಿಮರ್ಶಿಸಲು, ಸಂಸ್ಥೆಯ ಹೆಸರಿನ ಪ್ರಭಾವಕ್ಕೆ ಒಳಗಾಗದೆ ಬರಹವನ್ನಷ್ಟೇ ನೋಡಲು ಅದು ನೆರವಾಗುತ್ತದೆ. ಆದರೆ ಕನ್ನಡದ ಉಪಭಾಷೆಗಳ ಮೇಲೆ ಕೆಲಸ ಮಾಡುವವರ ವಲಯ ಚಿಕ್ಕದು. ಸಂಪಿಗೆ ಎಂಬ ಊರಿನ ಹೆಸರು ಲೇಖನದಲ್ಲಿದ್ದರೆ ಸಾಕು, ಬರೆದವರು ಯಾರೆಂದು ಊಹಿಸಬಹುದು. ಊರಿನ ಹೆಸರನ್ನು ಅಳಿಸಿದರೆ ಲೇಖನದ ಸತ್ವವೇ ಹೋಗುತ್ತದೆ. ಎರಡು ಕಡೆಯೂ ಇರಬೇಕಾದ ಪರದೆ ಹೀಗೆ ಒಂದು ಕಡೆ ಮಾತ್ರ ಉಳಿಯುತ್ತದೆ.

ನಮ್ಮ ವಿದ್ವತ್ ಪರಂಪರೆಯಲ್ಲಿ ಈ ಪರದೆ ಬಹಳ ಹಳೆಯದೇನಲ್ಲ. ಕೆ. ಬಿ. ಪಾಠಕ್ ಅವರು 1898ರಲ್ಲಿ ಕವಿರಾಜಮಾರ್ಗವನ್ನು ಪ್ರಕಟಿಸಿದ ಮೇಲೆ ಅದರ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ವಾದ ದಶಕಗಳ ಕಾಲ ನಡೆಯಿತು; ವಾದಿಗಳೂ ಪ್ರತಿವಾದಿಗಳೂ ತಮ್ಮ ಹೆಸರಿನಲ್ಲೇ ಬರೆದರು, ಓದುಗರು ಎರಡನ್ನೂ ತೂಗಿ ನೋಡಿದರು. ಸಂಪಿಗೆಯಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು (1884–1946), ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು (1906–1966) ಬೆಳೆದದ್ದು ಇಂತಹ ಬಹಿರಂಗ ಖಂಡನ–ಮಂಡನಗಳ ವಾತಾವರಣದಲ್ಲಿ. ಆ ಕಾಲವನ್ನು ಆದರ್ಶವೆಂದು ಹೇಳುತ್ತಿಲ್ಲ. ಯಾರ ಬರಹ ಅಚ್ಚಾಗಬೇಕು ಎಂಬುದು ಆಗಲೂ ಸಂಪಾದಕರ ಪರಿಚಯ, ವಿಶ್ವಾಸಗಳನ್ನು ಅವಲಂಬಿಸಿಯೇ ಇತ್ತು. ಆದರೂ ಆಕ್ಷೇಪವೊಂದು ಎತ್ತಿದ್ದರೆ ಅದರ ಕಾರಣ ಓದುಗರ ಕಣ್ಣಮುಂದಿರುತ್ತಿತ್ತು.

ಮುಚ್ಚಿದ ಪರಿಶೀಲನೆ ಎಷ್ಟು ವಿಶ್ವಾಸಾರ್ಹ ಎಂಬುದನ್ನು ಪೀಟರ್ಸ್ ಮತ್ತು ಸೆಸಿ ಎಂಬ ಮನೋವಿಜ್ಞಾನಿಗಳು ಪರೀಕ್ಷಿಸಿ 1982ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಗಲೇ ಅಚ್ಚಾಗಿದ್ದ 12 ಲೇಖನಗಳನ್ನು, ಲೇಖಕರ ಮತ್ತು ಸಂಸ್ಥೆಗಳ ಹೆಸರುಗಳನ್ನು ಬದಲಿಸಿ, ಅವು ಮೊದಲು ಬಂದಿದ್ದ ಪತ್ರಿಕೆಗಳಿಗೇ ಮತ್ತೆ ಕಳುಹಿಸಿದರು. ಮೂರನ್ನು ಮಾತ್ರ ಪತ್ರಿಕೆಗಳು ಗುರುತಿಸಿದವು. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕೃತವಾದವು. ಪರಿಶೀಲಕರ ಹೆಸರನ್ನು ಬಹಿರಂಗಪಡಿಸಿದರೆ ಇದು ಸರಿಹೋಗುತ್ತದೆಯೇ? ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲೇಖಕರಿಗೆ ಪರಿಶೀಲಕರ ಹೆಸರನ್ನು ತಿಳಿಸುವುದರಿಂದ ವರದಿಗಳ ಗುಣಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಪರಿಶೀಲನೆಗೆ ಒಲ್ಲೆನೆನ್ನುವವರು ಮಾತ್ರ ಹೆಚ್ಚಾದರು. ಜೀವವಿಜ್ಞಾನದ ಎಂಬೋ ಜರ್ನಲ್ 2009ರಿಂದ ಬೇರೆ ದಾರಿ ಹಿಡಿದಿದೆ: ಹೆಸರನ್ನು ಮರೆಯಲ್ಲಿಟ್ಟು, ಪರಿಶೀಲಕರ ವರದಿ, ಲೇಖಕರ ಉತ್ತರ, ಸಂಪಾದಕರ ನಿರ್ಣಯಪತ್ರ ಇವುಗಳನ್ನು ಲೇಖನದೊಂದಿಗೆ ಪ್ರಕಟಿಸುತ್ತದೆ. ನಮ್ಮಂತಹ ಚಿಕ್ಕ ವಲಯಕ್ಕೆ ಇದೇ ತಕ್ಕುದೆಂದು ತೋರುತ್ತದೆ. ಇಂದಿನ ಪರಿಶೀಲಕರು ನಾಳೆ ಲೇಖಕರ ಆಯ್ಕೆ ಸಮಿತಿಯಲ್ಲಿ ಕುಳಿತಿರಬಹುದಾದಲ್ಲಿ ಹೆಸರಿನ ಬಹಿರಂಗ ನಿಷ್ಠುರ ವಿಮರ್ಶೆಯನ್ನೇ ಕೊಲ್ಲುತ್ತದೆ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಇ-ಟೆಂಡರಿನಲ್ಲಿಯೂ ಇಂತಹ ವಿವೇಕವಿದೆ. ಅವಧಿ ಮುಗಿಯುವವರೆಗೆ ಒಬ್ಬ ವರ್ತಕ ನಮೂದಿಸಿದ ಬೆಲೆ ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಮುಗಿದ ಮೇಲೆ ಪ್ರತಿ ಲಾಟಿನ ಗರಿಷ್ಠ ಬೆಲೆ ಪ್ರಕಟವಾಗುತ್ತದೆ, ಒಪ್ಪಿಗೆಯಾಗದಿದ್ದರೆ ಬೆಳೆಗಾರ ಮಾರದಿರಬಹುದು. ಗೋಪ್ಯತೆಗೆ ಒಂದು ಅವಧಿ, ಬಹಿರಂಗಕ್ಕೆ ಇನ್ನೊಂದು. ವಿಶ್ವವಿದ್ಯಾಲಯದೊಳಗೂ ಮಾದರಿಯಿದೆ: ಪಿಎಚ್‌.ಡಿ. ಮಹಾಪ್ರಬಂಧವನ್ನು ಬಾಹ್ಯ ಪರೀಕ್ಷಕರು ಖಾಸಗಿಯಾಗಿ ಓದುತ್ತಾರೆ, ಆದರೆ ಮೌಖಿಕ ಪರೀಕ್ಷೆ ಅಧ್ಯಾಪಕರಿಗೂ ಸಂಶೋಧನಾರ್ಥಿಗಳಿಗೂ ತೆರೆದಿರುತ್ತದೆ. ಮುನ್ನೂರು ಪುಟಗಳ ಪ್ರಬಂಧಕ್ಕೆ ಸಿಗುವ ಈ ಅವಕಾಶ ಅದರಿಂದ ಹೊರತೆಗೆದ ಹದಿನೈದು ಪುಟಗಳ ಲೇಖನಕ್ಕಿಲ್ಲ.

ಪತ್ರಿಕೆಗಳ ಗುಣಮಟ್ಟವನ್ನು ಹೊರಗಿನ ಪಟ್ಟಿಯೊಂದು ಕಾಯುತ್ತದೆಂಬ ನಂಬಿಕೆಯೂ ಈಗ ಉಳಿದಿಲ್ಲ. ಯುಜಿಸಿ ಅನುಮೋದಿತ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ್ದ 1,009 ಪತ್ರಿಕೆಗಳನ್ನು ವಿಶ್ಲೇಷಿಸಿದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು, ಅವುಗಳಲ್ಲಿ ಶೇ. 88ಕ್ಕೂ ಹೆಚ್ಚು ಕಳಪೆ ಗುಣಮಟ್ಟದವಾಗಿರಬಹುದೆಂದು 2018ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಲಾಯಿತು. 2019ರಲ್ಲಿ ಬಂದ ಯುಜಿಸಿ-ಕೇರ್ ಪಟ್ಟಿಯನ್ನೂ ಕೈಬಿಟ್ಟಿರುವುದಾಗಿ 2025ರ ಫೆಬ್ರವರಿಯಲ್ಲಿ ಆಯೋಗ ಪ್ರಕಟಿಸಿತು. ಪತ್ರಿಕೆಯನ್ನು ಅಳೆಯುವ ಹೊಣೆ ಈಗ ಸಂಸ್ಥೆಗಳದ್ದು. ಪರಿಶೀಲನೆ ನಡೆದಿದೆಯೆಂಬ ಒಂದು ಸಾಲಿನ ಘೋಷಣೆಯನ್ನು ಯಾವ ಪತ್ರಿಕೆಯಾದರೂ ಅಚ್ಚು ಮಾಡಬಹುದು. ವರದಿಗಳನ್ನು ಪ್ರಕಟಿಸುವುದು ಅಷ್ಟು ಸುಲಭವಲ್ಲ.

ಆದರೆ ಪ್ರಕಟಿತ ವರದಿಗಳೂ ಸ್ವೀಕೃತ ಲೇಖನಗಳಿಗೆ ಮಾತ್ರ ನ್ಯಾಯ ಒದಗಿಸುತ್ತವೆ. ನಮ್ಮ ‘ಅವ್ನೆ’ಯ ಲೇಖನ ತಿರಸ್ಕೃತವಾದದ್ದು; ಅದರ ವರದಿ ಎಲ್ಲಿಯೂ ಬೆಳಕಿಗೆ ಬರುವುದಿಲ್ಲ. ಅಲ್ಲಿ ನೆರವಾಗಬಲ್ಲದ್ದು ವರದಿಯ ನಮೂನೆಯಲ್ಲಿ ಸೇರಬೇಕಾದ ಒಂದು ಪ್ರಶ್ನೆ: ಉದಾಹರಣೆಯೊಂದನ್ನು ಅಸಾಧುವೆಂದು ಹೇಳುವಾಗ ತಮ್ಮ ಆಧಾರ ಯಾವುದು? ಸ್ವಂತ ಅರಿವಾದರೆ ಯಾವ ಪ್ರಭೇದದ್ದು? ಪ್ರಕಟಿತ ವರ್ಣನೆಯಾದರೆ ಎಲ್ಲಿಯದು? ಊರಿನ ಹೆಸರು ಬೇಡ. ‘ಧಾರವಾಡ ಕಡೆಯ ಕನ್ನಡ’ ಎಂಬಷ್ಟು ಸಾಕು, ಗುರುತು ಬಯಲಾಗುವುದಿಲ್ಲ. ಆಧಾರವು ಬೇರೊಂದು ಪ್ರಭೇದದ ಅರಿವು ಮಾತ್ರವಾಗಿದ್ದರೆ ಸಂಪಾದಕರು ಅದನ್ನು ತಿರಸ್ಕಾರದ ಕಾರಣವಾಗಿ ಎಣಿಸದೆ, ಲೇಖಕರಿಂದ ಧ್ವನಿಮುದ್ರಣವನ್ನು ತರಿಸಿಕೊಂಡು, ಆ ಸೀಮೆಯ ಮಾತನ್ನು ಬಲ್ಲ ಮತ್ತೊಬ್ಬರಿಗೆ ಕೇಳಿಸಬೇಕು. ತುರುವೇಕೆರೆ ಕಡೆಯವರು ಯಾರಾದರೂ ಅರ್ಧ ನಿಮಿಷ ಕೇಳಿದರೆ ಅಲ್ಲಿರುವುದು ‘ಇದ್ದಾನೆ’ಯೋ ‘ಅವನೇ’ಯೋ ಎಂದು ಹೇಳಬಲ್ಲರು.