ಅಂಡಮಾನಿನ ಪಾತರಗಿತ್ತಿ, ಎರೆ ಹೊಲದ ನೆಂಟ

ಅಂಡಮಾನ್ ಕ್ಲಬ್‌ಟೇಲ್ ಎಂಬ ಪಾತರಗಿತ್ತಿ ಅಂಡಮಾನ್ ದ್ವೀಪಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕಪ್ಪು ರೆಕ್ಕೆ, ಕೆಂಪು ಮೈ, ಸೌಟಿನ ಹಾಗೆ ತುದಿ ಅಗಲವಾದ ಬಾಲ. 1876ರಲ್ಲಿ ಆರ್ಥರ್ ಬಟ್ಲರ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಸುಮಾರು 150 ಕಿ.ಮೀ. ಸಮುದ್ರದಾಚೆ ನಿಕೋಬಾರಿನಲ್ಲಿರುವುದು ಇದರ ಹತ್ತಿರದ ಬಂಧು.

ಇದೇ ಬಳಗದ ಕ್ರಿಮ್ಸನ್ ರೋಸ್ ನಮ್ಮ ಗದಗ ಸೀಮೆಯ ಪಾತರಗಿತ್ತಿ. ಕರಿ ರೆಕ್ಕೆಯ ಮೇಲೆ ಬಿಳಿ ಪಟ್ಟಿ, ಹಿಂದಿನ ರೆಕ್ಕೆಯಲ್ಲಿ ಕುಂಕುಮದ ಚುಕ್ಕಿ. ಎರಡರ ಮರಿಹುಳುಗಳೂ ಈಶ್ವರಿ ಬಳ್ಳಿಯ ಕುಟುಂಬದ ಗಿಡಗಳ ಎಲೆಗಳನ್ನಷ್ಟೇ ತಿಂದು ಬೆಳೆಯುತ್ತವೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎರೆ ಹೊಲಗಳಲ್ಲಿ ಆ ಕುಟುಂಬದ್ದೇ ಒಂದು ಗಿಡ ನೆಲಕ್ಕಂಟಿ ಹಬ್ಬುತ್ತದೆ. ಅದೇ ಆಡುಮುಟ್ಟದ ಗಿಡ. ದನ, ಆಡುಗಳು ಬಾಯಿ ಹಾಕದ ಈ ಎಲೆಯಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಅದು ಮನುಷ್ಯರ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಜಂತುಹುಳುವಿನ ಮದ್ದೆಂದು ಮಕ್ಕಳಿಗೆ ಇದರ ರಸ ಕುಡಿಸುವುದು ಎಲ್ಲಿ ಉಳಿದಿದ್ದರೂ ನಿಲ್ಲಲೇಬೇಕು. ಮರಿಹುಳುವಾದರೋ ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ರೆಕ್ಕೆ ಬಂದ ಮೇಲೂ ಅದು ಉಳಿಯುತ್ತದೆ. ಒಮ್ಮೆ ಕಚ್ಚಿ ಕಹಿಯುಂಡ ಹಕ್ಕಿ ಆ ಕೆಂಪು-ಕಪ್ಪನ್ನು ಮತ್ತೆ ಮುಟ್ಟುವುದಿಲ್ಲ.

ಈ ರಕ್ಷಣೆಯ ಲಾಭ ವಿಷವೇ ಇಲ್ಲದವರಿಗೂ ಸಿಕ್ಕಿದೆ. ಕರಿಬೇವು, ನಿಂಬೆ ಗಿಡದಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಪಾತರಗಿತ್ತಿಯ ಕೆಲವು ಹೆಣ್ಣುಗಳು ಥೇಟ್ ಕ್ರಿಮ್ಸನ್ ರೋಸಿನ ವೇಷದಲ್ಲೇ ಹುಟ್ಟುತ್ತವೆ. ಈ ಜಾತಿಯ ಹೆಣ್ಣುಗಳ ವೇಷಾಂತರವನ್ನು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ನಿಯಂತ್ರಿಸುತ್ತದೆಂದು ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿಕೊಟ್ಟರು. ನಮ್ಮ ಹಿತ್ತಲಿನ ಕರಿಬೇವಿನಲ್ಲಿ ನಡೆಯುವ ಸಂಗತಿ ಇದು ಎಂಬುದೇ ನನಗೆ ದೊಡ್ಡ ಸೋಜಿಗ.

ಅಂಡಮಾನಿನ ಪಾತರಗಿತ್ತಿಗೆ ಸಮುದ್ರ ಎಲ್ಲೆ ಹಾಕಿದೆ. ಕ್ರಿಮ್ಸನ್ ರೋಸ್ ದೂರ ದೂರ ಹಾರಬಲ್ಲದು, ಶ್ರೀಲಂಕಾದಲ್ಲೂ ಇದೆ. ಆದರೆ ಮೊಟ್ಟೆಯಿಡಲು ಅದು ಹುಡುಕುವುದು ಈಶ್ವರಿ ಬಳ್ಳಿ, ಆಡುಮುಟ್ಟದಂಥ ಗಿಡಗಳನ್ನೇ. ನಮ್ಮ ಗದಗ ಸೀಮೆಯಲ್ಲಿ ಜನರ ಹೋರಾಟದ ಫಲವಾಗಿ 2019ರಲ್ಲಿ ಕಪ್ಪತಗುಡ್ಡವೆಂಬ ಬೆಟ್ಟಸಾಲಿನ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಗುಡ್ಡಕ್ಕೆ ಕಾಯ್ದೆಯ ಕಾವಲಿದೆ. ಆಡುಮುಟ್ಟದ ಗಿಡವೋ ಗುಡ್ಡದ ಕೆಳಗಿನ ಬದುವಿನಲ್ಲಿ, ಹಾದಿಯಂಚಿನಲ್ಲಿ ಬೆಳೆಯುವಂಥದು. ಬೆಳೆಯ ಸಾಲಿನಲ್ಲಿ ಎಡೆ ಹೊಡೆದರೆ ಬದುವಿನ ಗಿಡಕ್ಕೆ ಏನೂ ಆಗದು. ಬದುವಿಗೂ ಕಳೆನಾಶಕ ಹೊಡೆದರೆ ಗಿಡದ ಜೊತೆ ಅದರ ಮೇಲಿನ ಮರಿಗಳೂ ಹೋಗುತ್ತವೆ. ಕಾಳಿನ ಸಾಲಿಗೆ ಅಡ್ಡ ಬಾರದ ಈ ಗಿಡವನ್ನು ರೈತರು ಬದುವಿನಲ್ಲಿ ಹಾಗೇ ಬಿಡಬೇಕೆಂದು ನನ್ನ ಕೋರಿಕೆ.