ತನ್ನ ತಕ್ಕಡಿಗೆ ತಾನೇ ಸಾಕ್ಷಿ

ಅಡತಿ ಅಂಗಡಿಗಳಲ್ಲಿ ದಲಾಲರು ಅರಿವೆಯ ಮರೆಯಲ್ಲಿ ಬೆರಳು ಹಿಡಿದು ಧಾರಣೆಯನ್ನು ಗೊತ್ತುಮಾಡುತ್ತಿದ್ದ ಕಾಲದ ಮಾತನ್ನು ಹಿರಿಯರಿಂದ ನಾವು ಕೇಳಿದ್ದೇವೆ. ಮಾಲಿನ ಒಡೆಯನಾದ ರೈತನು ಎದುರಿಗೇ ನಿಂತಿದ್ದರೂ ಅವನ ಜೋಳದ ಬೆಲೆ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯೂ ಅನಂತರದ ನಿರ್ಬಂಧಗಳೂ ವ್ಯಾಪಾರವನ್ನು ಬಯಲಿಗೆ ತಂದವು. ಇಂದು ಆ ಅರಿವೆಯು ಮೊಬೈಲಿನ ಗಾಜಾಗಿ ಮರಳಿ ಬಂದಿದೆ.

ಡೋಣಿಯ ದಂಡೆಯ ಸಾರವಾಡದಲ್ಲಿ ಕುಳಿತು ಒಬ್ಬನು ಔಷಧ ಸಿಂಪಡಿಸುವ ಪಂಪೊಂದನ್ನು ತರಿಸುವನೆನ್ನೋಣ. “ಇನ್ನು ಎರಡೇ ಉಳಿದಿವೆ” ಎಂಬ ಸುಳ್ಳು ಅವಸರ. ಮೊದಲೊಂದು ಬೆಲೆ, ಹಣ ಕೊಡುವ ಗಳಿಗೆಗೆ ಮತ್ತೊಂದು. ಕೇಳದ ವಿಮೆ ಬುಟ್ಟಿಯಲ್ಲಿ. ಚಂದಾದಾರನಾಗುವದಕ್ಕೆ ಒಂದೇ ಬಾಗಿಲು, ಹೊರಬೀಳುವದಕ್ಕೆ ಹತ್ತು. ಇವು ಕೈತಪ್ಪುಗಳಲ್ಲ, ಗ್ರಾಹಕನ ಮನಸ್ಸನ್ನು ಅಳೆದು ಹೆಣೆದ ಬಲೆಗಳು.

ಕಾನೂನು ಇಲ್ಲವೆನ್ನುವಂತಿಲ್ಲ. ಗ್ರಾಹಕನ ಒಪ್ಪಿಗೆಯ ಗುರುತನ್ನು ಮಾರುವವನೇ ಮೊದಲು ಹಾಕಿಡಕೂಡದೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಕೇಂದ್ರ ಪ್ರಾಧಿಕಾರವು 2023ರ ನವೆಂಬರ 30ರಂದು ‘ಡಾರ್ಕ್ ಪ್ಯಾಟರ್ನ್’ ಎಂಬ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿತು. ಆದರೆ ಪರೀಕ್ಷಿಸುವವರಾರು? 2025ರ ಜೂನದಲ್ಲಿ ಅದೇ ಪ್ರಾಧಿಕಾರವು ಮೂರು ತಿಂಗಳೊಳಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವಂತೆ ಕಂಪನಿಗಳಿಗೆ ಸೂಚಿಸಿತು. ನವೆಂಬರದಲ್ಲಿ 26 ಕಂಪನಿಗಳು ತಾವು ನಿರ್ದೋಷಿಗಳೆಂದು ಸಾರಿಕೊಂಡವು. ಸಾರವಾಡದ ಕಿರಾಣಿ ಅಂಗಡಿಯವನು ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಳ್ಳುವಂತಿಲ್ಲ. ಸರಕಾರ ಒಪ್ಪಿದವರೇ ತೂಗಿ ನೋಡಿ ಒತ್ತಬೇಕು. ಕಿರಾಣಿಯವನಿಗೊಂದು ನ್ಯಾಯ, ಕೋಟ್ಯಧೀಶನಿಗೊಂದು ನ್ಯಾಯವೆ?

ಇಷ್ಟೊಂದು ವ್ಯವಹಾರವನ್ನು ಅಧಿಕಾರಿಗಳು ನೋಡಿ ಮುಗಿಸಲಾರರೆಂದು ಕೆಲವರು ಆಕ್ಷೇಪಿಸಬಹುದು. ಊರ ಹಾಲನ್ನೆಲ್ಲ ಯಾರೂ ಪರೀಕ್ಷಿಸುವದಿಲ್ಲ, ಮಾದರಿಯನ್ನು ತೆಗೆಯುತ್ತಾರೆ. ಅದರಂತೆ ಅಧಿಕಾರಿಗಳು ಸಾಮಾನ್ಯ ಗ್ರಾಹಕರಾಗಿ ಕೊಂಡು ನೋಡಲಿ, ಕಂಡದ್ದನ್ನು ಕನ್ನಡದಲ್ಲಿ ಪ್ರಕಟಿಸಲಿ, ತಪ್ಪಿದವರನ್ನು ದಂಡಿಸಲಿ.

ಜನರಿಗೂ ಒಂದು ಮಾತು. ಮೋಸಹೋದವನು ನಾಚಿ ಸುಮ್ಮನಿರುವದೇ ಕಪಟಿಯ ಬಂಡವಾಳ. 1915 ಎಂಬ ಸಂಖ್ಯೆಗೆ ಕರೆಮಾಡಿ ದೂರಬಹುದು. ಗ್ರಾಹಕನು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಲು 2019ರ ಕಾಯಿದೆಯು ಹಕ್ಕು ಕೊಟ್ಟಿದೆ; ಸಾರವಾಡದವನು ದಿಲ್ಲಿಗೆ ಹೋಗಬೇಕಾಗಿಲ್ಲ, ವಿಜಯಪುರದ ಜಿಲ್ಲಾ ಆಯೋಗವೇ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಹತ್ತು ರೂಪಾಯಿಗಾಗಿ ಯಾರು ಅಲೆದಾರೆಂಬ ಲೆಕ್ಕದ ಮೇಲೆಯೇ ಈ ವ್ಯಾಪಾರವು ನಿಂತಿದೆ. ಆ ಲೆಕ್ಕವನ್ನು ಸುಳ್ಳುಮಾಡುವದು ನಮ್ಮ ಕೈಯಲ್ಲಿದೆ. ತಕ್ಕಡಿಗೆ ಮುದ್ರೆ ಒತ್ತುವದು ಸರಕಾರದ ಕೈಯಲ್ಲಿದೆ.