ಗಣಿಯ ಹುಳಿನೀರಿನಲ್ಲಿ ಕರಗಿದ ಲೋಹ

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಮೈಲುತುತ್ತದ ದ್ರಾವಣದೊಳಗೆ ಕಬ್ಬಿಣದ ಮೊಳೆಯೊಂದನ್ನು ಇಳಿಬಿಟ್ಟು, ಅರ್ಧ ತಾಸಿನ ತರುವಾಯ ಅದರ ಮೇಲೆ ಕೆಂಪನೆಯ ತಾಮ್ರ ಕೂಡಿರುವುದನ್ನು ತೋರಿಸುವ ಪ್ರಯೋಗವು ವಿಜ್ಞಾನ ಶಿಕ್ಷಕರೆಲ್ಲರಿಗೂ ಚಿರಪರಿಚಿತವಾದುದು. ಆಲಮೇಲ, ಇಂಡಿ, ಸಿಂದಗಿಯ ಕಡೆಯ ದ್ರಾಕ್ಷಿ ಹಾಗೂ ನಿಂಬೆಯ ತೋಟಿಗರು ಅದೇ ಮೈಲುತುತ್ತವನ್ನು ಇನ್ನೊಂದು ಬಗೆಯಲ್ಲಿ ಬಲ್ಲರು. ಅದಕ್ಕೆ ಸುಣ್ಣದ ನೀರನ್ನು ಬೆರೆಸಿ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವಾಗ, ಕರಗಿದ್ದ ತಾಮ್ರವು ನೀಲಿಯ ಗಸಿಯಾಗಿ ಬೇರ್ಪಡುತ್ತದೆ. ಮೊದಲನೆಯ ಕ್ರಿಯೆಯಲ್ಲಿ ಲೋಹವು ಲೋಹವಾಗಿಯೇ ಕೈಸೇರುತ್ತದೆ, ಎರಡನೆಯದರಲ್ಲಿ ಗಸಿಯಾಗಿ. ಗಣಿತ್ಯಾಜ್ಯದಿಂದ ಒಸರುವ ಹುಳಿನೀರನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ದೊರೆತ ಹಳೆಯ ಉತ್ತರಗಳೆರಡೂ ಈ ಕ್ರಿಯೆಗಳ ವಿಸ್ತರಣಗಳೇ ಆಗಿವೆ.

ಅದಿರನ್ನು ಹಿಟ್ಟಿನಂತೆ ಅರೆದು, ಬೇಕಾದ ಲೋಹವನ್ನು ತೆಗೆದುಕೊಂಡು, ಉಳಿದ ಮರಳನ್ನು ಗಣಿಯವರು ದಿಬ್ಬಗಳಾಗಿ ಸುರಿಯುತ್ತಾರೆ. ಆ ಮರಳಿನಲ್ಲಿ ಕಬ್ಬಿಣ ಮತ್ತು ಗಂಧಕಗಳು ಕೂಡಿದ ಖನಿಜಗಳಿದ್ದರೆ, ಗಾಳಿ ಹಾಗೂ ಮಳೆನೀರಿನ ಸಂಪರ್ಕದಿಂದ ಗಂಧಕಾಮ್ಲವು ಹುಟ್ಟುತ್ತದೆ. ತಾನಾಗಿಯೇ ನಡೆದರೆ ಇದು ಮಂದಗತಿಯ ಕಾರ್ಯ. ಆದರೆ ಕಬ್ಬಿಣ, ಗಂಧಕಗಳನ್ನೇ ಆಹಾರವಾಗಿಸಿಕೊಂಡು ಬದುಕುವ ಸೂಕ್ಷ್ಮಜೀವಿಯೊಂದು ಈ ಕ್ರಿಯೆಯನ್ನು ಎಷ್ಟೋ ಪಟ್ಟು ತ್ವರೆಗೊಳಿಸುತ್ತದೆ. ಅಮೆರಿಕದ ಕಲ್ಲಿದ್ದಲು ಗಣಿಗಳ ಹುಳಿನೀರಿನಲ್ಲಿ ಈ ಜೀವಿಯ ಇರವು 1947ರಲ್ಲಿ ಬೆಳಕಿಗೆ ಬಂದಿತು. ಹೀಗೆ ಹುಟ್ಟಿದ ಆಮ್ಲವು ಮರಳಿನಲ್ಲಿ ಉಳಿದ ತಾಮ್ರ, ಸತು, ನಿಕ್ಕಲ್‌ಗಳನ್ನು, ಅವುಗಳೊಡನೆ ವಿಷಕಾರಿಯಾದ ಆರ್ಸೆನಿಕ್ಕನ್ನೂ ಕರಗಿಸಿಕೊಂಡು ಹಳ್ಳಕೊಳ್ಳಗಳಿಗೆ ಇಳಿಯುತ್ತದೆ. ಗಣಿಯು ಮುಚ್ಚಿದ ಮೇಲೂ ಈ ಒಸರು ನಿಲ್ಲುವುದಿಲ್ಲ.

ಇಂಥ ನೀರಿಗೆ ಕಬ್ಬಿಣದ ಚೂರುಗಳನ್ನು ಹಾಕಿ ತಾಮ್ರವನ್ನು ಪಡೆಯುವ ಪದ್ಧತಿಯು ಚೀನದಲ್ಲಿ 11ನೆಯ ಶತಮಾನದಷ್ಟು ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಸ್ಪೇನ್ ದೇಶದ ರಿಯೋ ಟಿಂಟೋ ಗಣಿಗಳಲ್ಲಿಯೂ ನಡೆದಿದೆ. ಲೆಕ್ಕದ ಪ್ರಕಾರ 56 ಕಿಲೋ ಕಬ್ಬಿಣಕ್ಕೆ ಸುಮಾರು 63 ಕಿಲೋ ತಾಮ್ರ ದೊರೆಯಬೇಕು. ವಾಸ್ತವದಲ್ಲಿ ಆಮ್ಲವೂ ಕಬ್ಬಿಣವನ್ನು ತಿನ್ನುವುದರಿಂದ ಹೆಚ್ಚು ಕಬ್ಬಿಣ ಬೇಕಾಗುತ್ತದೆ. ನೀರಿನಲ್ಲಿ ತಾಮ್ರವು ತಕ್ಕಷ್ಟಿದ್ದಲ್ಲಿ ಮಾತ್ರ ಇದು ಲಾಭಕರ.

ಸುಣ್ಣದ ಮಾರ್ಗವು ಅಗ್ಗವಾದುದು. ಆದುದರಿಂದಲೇ ದುರುಪಯೋಗಕ್ಕೂ ಈಡಾದುದು. ಒಮ್ಮೆಗೇ ಸುಣ್ಣ ಸುರಿದರೆ ನೀರು ತಿಳಿಯಾಗುವುದು ನಿಜ. ಆದರೆ ಎಲ್ಲ ಲೋಹಗಳೂ ಒಂದೇ ಗಸಿಯಲ್ಲಿ ಕಲೆತು ಯಾರಿಗೂ ಬೇಡವಾಗುತ್ತವೆ, ಆ ಗಸಿಯನ್ನು ಕಾಯುವ ಹೊಣೆ ಮುಂದಿನವರಿಗೆ ಉಳಿಯುತ್ತದೆ. ಹಂತಹಂತವಾಗಿ ಹಾಕಿದರೆ ಹಾಗಲ್ಲ. ಆಮ್ಲತೆಯ ಮಾನವಾದ ಪಿ.ಎಚ್. ಮೂರೂವರೆಯ ಸುಮಾರಿಗೆ ಏರಿದಾಗ ತುಕ್ಕಿನ ರೂಪದ ಕಬ್ಬಿಣವು ಮೊದಲು ಕೆಳಗಿಳಿಯುತ್ತದೆ. ಆರರ ಸುಮಾರಿಗೆ ತಾಮ್ರ. ಒಂಬತ್ತು, ಹತ್ತರ ಆಸುಪಾಸಿನಲ್ಲಿ ಸತು ಮತ್ತು ನಿಕ್ಕಲ್. ಇದಕ್ಕಿಂತ ನವೀನವಾದ ವಿಧಾನದಲ್ಲಿ, ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುವ ಬೇರೊಂದು ಸೂಕ್ಷ್ಮಜೀವಿಯನ್ನು ದುಡಿಸಿಕೊಂಡು, ಲೋಹಗಳನ್ನು ಕರಗುಕುಲುಮೆಗೆ ಮಾರಬಹುದಾದ ರೂಪದಲ್ಲಿ ಪಡೆಯುತ್ತಾರೆ.

ಕರ್ನಾಟಕಕ್ಕೆ ಈ ವಿಷಯವು ದೂರದ್ದಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರದ ಗಣಿಯಿತ್ತು. ಕೃಷ್ಣೆಯ ಆಚೆಗೆ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯು ಇಂದಿಗೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎ. ನಟರಾಜನ್ ಅವರು ಈ ಸೂಕ್ಷ್ಮಜೀವಿಗಳ ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದರು. ಗಂಧಕದ ಖನಿಜದೊಳಗೆ ಸೆರೆಯಾದ ಚಿನ್ನವನ್ನು ಬಿಡಿಸಲು, ಹುಳಿನೀರನ್ನು ಹುಟ್ಟಿಸುವ ಜೀವಿಯನ್ನೇ ತೊಟ್ಟಿಯಲ್ಲಿ ಸಾಕಿ ದುಡಿಸುವ ಪ್ರಾಯೋಗಿಕ ಸ್ಥಾವರವೂ ಹಟ್ಟಿಯಲ್ಲಿ ರೂಪುಗೊಂಡಿತು. ಹೊರಗೆ ಕೇಡು ಮಾಡುವುದು ತೊಟ್ಟಿಯೊಳಗೆ ಕೆಲಸಗಾರನಾಯಿತು!

ಎಲ್ಲಕ್ಕಿಂತ ಗಹನವಾದುದು ಕೋಲಾರದ ಪ್ರಶ್ನೆ. 2001ರ ಫೆಬ್ರವರಿ 28ರಂದು ಅಲ್ಲಿನ ಗಣಿಗಳು ಮುಚ್ಚಿದವು. ಉಳಿದದ್ದು 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮರಳು. ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನ. ಬೇಸಗೆಯ ಗಾಳಿಗೆ ಅದರ ಧೂಳು ಊರಿನ ಮನೆಗಳ ಮೇಲೆ ಬೀಳುತ್ತದೆ. ಈ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆಯಿತ್ತಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ದಿಬ್ಬಗಳ ಕೆಲವು ಭಾಗಗಳು ಆಮ್ಲೀಯವಾಗಿವೆ. ಆದರೆ ಈ ಆಮ್ಲದಲ್ಲಿ ಚಿನ್ನ ಕರಗದು. ಅದನ್ನು ಕರಗಿಸುವುದು ಸಯನೈಡ್. ಸಯನೈಡ್ ಹುಳಿಯನ್ನು ಕೂಡಿದರೆ ಪ್ರಾಣಾಂತಿಕವಾದ ಅನಿಲವು ಏಳುವುದರಿಂದ, ಸುಣ್ಣದಿಂದ ಪಿ.ಎಚ್. ಅನ್ನು ಹತ್ತಕ್ಕಿಂತ ಮೇಲೇರಿಸಿಯೇ ಆ ಕಾರ್ಯವನ್ನು ನಡೆಸಬೇಕು. ಅಂದರೆ ಚಿನ್ನದ ಲೆಕ್ಕದಲ್ಲಿ ಹುಳಿಯನ್ನು ಕಳೆಯುವ ವೆಚ್ಚವೂ ಸೇರಲೇಬೇಕಾಗುತ್ತದೆ. ಆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ, ನೊರೆತೇಲಿಕೆಯ ವಿಧಾನದಿಂದ ಗಂಧಕದ ಖನಿಜವನ್ನೂ ಬೇರ್ಪಡಿಸಿದರೆ, ಮರಳಿ ಸುರಿಯುವ ಮರಳು ನಿರುಪದ್ರವಿಯಾಗುವುದಕ್ಕೆ ಬಹುಮಟ್ಟಿಗೆ ಅವಕಾಶವುಂಟು. ಗಂಧಕವನ್ನು ಒಳಗೇ ಬಿಟ್ಟು ಚಿನ್ನವನ್ನಷ್ಟೇ ತೆಗೆದರೆ, ಬೆರೆಸಿದ ಸುಣ್ಣದ ಬಲ ತೀರಿದ ಮೇಲೆ ಆ ಹೊಸ ದಿಬ್ಬದಿಂದಲೂ ಹಳೆಯ ಹುಳಿನೀರೇ ಒಸರುತ್ತದೆ.